ಒರೆಗೆ ಹಚ್ಚದ ಸೊನ್ನೆ

ಉತ್ತರ ಕರ್ನಾಟಕದ ಊರುಗಳಲ್ಲಿ ಜೋಳ ತುಂಬಿಟ್ಟ ಹಗೇವಿನ ಬಾಯಿ ತೆಗೆದ ಕೂಡಲೇ ತಿಳಿದವರು ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಹೊತ್ತು ಬಿಟ್ಟು, ಆಮೇಲೆ ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಮೆಲ್ಲಗೆ ಇಳಿಬಿಟ್ಟು ನೋಡುವುದು ರೂಢಿ. ದೀಪ ತಳ ಮುಟ್ಟುವವರೆಗೂ ಉರಿದರೆ ಇಳಿಯಬಹುದು, ನಡುವೆ ನಂದಿದರೆ ಇನ್ನೂ ಕಾಯಬೇಕು. ಹಾಳುಬಾವಿಯ ಹೂಳೆತ್ತುವವರೂ ಹೀಗೇ ಮಾಡುತ್ತಿದ್ದರು. ನೆಲದೊಳಗೆ ಮುಚ್ಚಿಟ್ಟ ಕಾಳು ಸತ್ತ ವಸ್ತುವಲ್ಲ, ಅದೂ ಉಸಿರಾಡುತ್ತದೆ. ಅಲ್ಲಿದ್ದ ಆಮ್ಲಜನಕವನ್ನು ತಿಂಗಳುಗಟ್ಟಲೆ ಎಳೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಭಾರವಾದ ಆ ಗಾಳಿ ತಳದಲ್ಲೇ ನಿಲ್ಲುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 16-17ಕ್ಕೆ ಇಳಿದಾಗ ಎಣ್ಣೆಯ ದೀಪ ನಂದುತ್ತದೆ. ಮನುಷ್ಯನಿಗೆ ತಲೆ ಭಾರವಾಗಿ ಕೈಕಾಲು ಸೋಲುವುದಕ್ಕೆ ಶುರುವಾಗುವುದೂ ಹೆಚ್ಚುಕಡಿಮೆ ಅಲ್ಲೇ, ಪ್ರಜ್ಞೆ ತಪ್ಪುವುದು ಅದಕ್ಕಿಂತ ಕೆಳಗೆ. ಹಾಗಾಗಿ ದೀಪ ಮನುಷ್ಯನಿಗಿಂತ ಒಂದು ಹೆಜ್ಜೆ ಮೊದಲೇ ಸೋಲುತ್ತಿತ್ತು. ಕಂದೀಲಿಗೆ ಇನ್ನೂ ಒಂದು ಗುಣವಿತ್ತು. ಎಣ್ಣೆ ತೀರಿದರೂ, ಬತ್ತಿ ಕೆಟ್ಟರೂ, ಗಾಳಿ ಕೆಟ್ಟರೂ ಕಾಣುತ್ತಿದ್ದುದು ಒಂದೇ ಗುರುತು: ಕತ್ತಲೆ. ಸಾಧನ ಹಾಳಾದರೂ ಅದು ಹೇಳುತ್ತಿದ್ದುದು ಇಳಿಯಬೇಡ ಎಂದೇ.

ಇಂದು ಅದೇ ಕೆಲಸಕ್ಕೆ ಅಂಗೈಯಗಲದ ಒಂದು ಯಂತ್ರವಿದೆ. ಅಂಗಿಗೆ ಸಿಕ್ಕಿಸಿಕೊಳ್ಳುವ ಗ್ಯಾಸ್ ಡಿಟೆಕ್ಟರಿನ ಪರದೆಯ ಮೇಲೆ ನಾಲ್ಕು ಅಂಕಿಗಳು ಕಾಣುತ್ತವೆ: ಆಮ್ಲಜನಕ 20.9, ಉರಿಯುವ ಅನಿಲ 0, ಕಾರ್ಬನ್ ಮಾನಾಕ್ಸೈಡ್ 0, ಹೈಡ್ರೋಜನ್ ಸಲ್ಫೈಡ್ 0. ಕಂದೀಲು ಕನಸಿನಲ್ಲೂ ಹಿಡಿಯಲಾರದಷ್ಟು ಸೂಕ್ಷ್ಮವಾಗಿ ಇದು ಗಾಳಿಯನ್ನು ಅಳೆಯುತ್ತದೆ, ಹತ್ತು ಲಕ್ಷದಲ್ಲಿ ಹತ್ತು ಭಾಗ ವಿಷವಿದ್ದರೂ ಕೂಗುತ್ತದೆ. ಆದರೆ ಆ ಮೂರು ಸೊನ್ನೆಗಳಿಗೆ ತಲಾ ಎರಡು ಅರ್ಥ. ಗಾಳಿ ಶುದ್ಧವಾಗಿದೆ ಎಂಬುದು ಒಂದು, ಸಂವೇದಕ ಸತ್ತಿದೆ ಎಂಬುದು ಇನ್ನೊಂದು. ಪರದೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಯಾವ ಅರ್ಥವೆಂದು ತಿಳಿಯುವುದಿಲ್ಲ. ತಿಳಿಯಲು ಇರುವ ದಾರಿ ಒಂದೇ. ಎಷ್ಟು ವಿಷವಿದೆಯೆಂದು ಮೊದಲೇ ಗೊತ್ತಿರುವ ಗಾಳಿಯನ್ನು ಅದರ ಬಾಯಿಗೆ ಹಿಡಿದು, ಅಷ್ಟನ್ನೇ ತೋರಿಸುತ್ತದೆಯೇ ಎಂದು ನೋಡಬೇಕು. ಚಿನಿವಾರ ಚಿನ್ನವನ್ನು ಒರೆಗೆ ಹಚ್ಚುವ ಹಾಗೆ. ಹಾಗೆ ನೋಡಿ, ತಪ್ಪಿದ್ದರೆ ಸರಿಹೊಂದಿಸುವುದನ್ನೇ ಕ್ಯಾಲಿಬ್ರೇಷನ್ ಎನ್ನುವುದು. ಬಹಳ ಕಡೆ ಇದನ್ನು ಯಂತ್ರಕ್ಕೆ ಆಗಾಗ ಮಾಡಿಸುವ ಸರ್ವೀಸ್ ಎಂದು, ಕಡತದಲ್ಲಿ ಮೊಹರು ಹಾಕಿಸುವ ಶಾಸ್ತ್ರವೆಂದು ತಿಳಿದಿದ್ದಾರೆ. ಗಾಳಿಯನ್ನು ಅಳೆಯಲು ಮನುಷ್ಯ ಪಟ್ಟ ಪಾಡಿನ ಇನ್ನೂರು ವರ್ಷಗಳ ಚರಿತ್ರೆಯನ್ನು ಓದಿದರೆ ಬೇರೆಯೇ ಮಾತು ಕಾಣುತ್ತದೆ. ಸಾಧನ ಸೂಕ್ಷ್ಮವಾಗುತ್ತ ಹೋದಂತೆ ತನ್ನ ಸಾವನ್ನು ತಾನೇ ಸಾರುವ ಗುಣವನ್ನು ಕಳೆದುಕೊಂಡಿತು, ಹಾಗೆ ಕಳೆದುಕೊಂಡದ್ದನ್ನು ತುಂಬಿಕೊಡಲು ಹುಟ್ಟಿದ ಪದ್ಧತಿಯೇ ಕ್ಯಾಲಿಬ್ರೇಷನ್. ಪ್ರತಿ ಸಲವೂ ಸಾಧನ ಮೊದಲು ಬಂತು, ಅದನ್ನು ಒರೆಗೆ ಹಚ್ಚುವ ರೂಢಿ ತಡವಾಗಿ ಬಂತು, ನಡುವಿನ ಅವಧಿಯಲ್ಲಿ ಜನ ಸತ್ತರು.

ಈ ಚರಿತ್ರೆ ಶುರುವಾಗುವುದು ಇಂಗ್ಲೆಂಡಿನ ಈಶಾನ್ಯದ ಕಲ್ಲಿದ್ದಲು ಗಣಿಗಳಲ್ಲಿ. 1812ರ ಮೇ 25ರಂದು ಫೆಲ್ಲಿಂಗ್ ಗಣಿಯಲ್ಲಿ ಮೀಥೇನ್ ಅನಿಲಕ್ಕೆ ಬೆಂಕಿ ತಗುಲಿ ಗಂಡಸರೂ ಹುಡುಗರೂ ಸೇರಿ 92 ಮಂದಿ ಸತ್ತರು. ಅಲ್ಲಿನ ಪಾದ್ರಿ ಜಾನ್ ಹಾಡ್ಜ್‌ಸನ್ ದುರಂತದ ವಿವರವನ್ನು ಅಚ್ಚು ಹಾಕಿಸಿ ಹಂಚಿದ್ದರಿಂದ, ಗಣಿಯವರ ಪಾಲಿಗೆ ಹಣೆಬರಹದಂತಿದ್ದ ಸಂಗತಿ ಊರ ಚರ್ಚೆಯಾಯಿತು. ಮರುವರ್ಷ ಸಂಡರ್‌ಲ್ಯಾಂಡಿನಲ್ಲಿ ಗಣಿ ಅಪಘಾತ ತಡೆಯಲೆಂದೇ ಒಂದು ಸಂಘ ಹುಟ್ಟಿತು. ವೈದ್ಯ ಕ್ಲ್ಯಾನಿ, ಕಿಲ್ಲಿಂಗ್‌ವರ್ತ್ ಗಣಿಯ ಯಂತ್ರ ನೋಡಿಕೊಳ್ಳುತ್ತಿದ್ದ ಜಾರ್ಜ್ ಸ್ಟೀಫನ್‌ಸನ್, ಲಂಡನ್ನಿನ ಹೆಸರಾಂತ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ, ಈ ಮೂವರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬೆಂಕಿ ಹಾರದ ದೀಪವೊಂದಕ್ಕಾಗಿ ತಲೆ ಕೆಡಿಸಿಕೊಂಡರು. ಡೇವಿ ಕಂಡುಕೊಂಡ ಉಪಾಯ ಸರಳ. ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿಬಲೆಯನ್ನು ಕೊಳವೆಯಾಗಿ ಸುತ್ತಿದರೆ, ಆ ಲೋಹ ಶಾಖವನ್ನು ಹೀರಿ ಹರಡಿಬಿಡುವುದರಿಂದ ಒಳಗಿನ ಬೆಂಕಿ ಹೊರಗಿನ ಅನಿಲಕ್ಕೆ ದಾಟುವುದಿಲ್ಲ. ಚದರ ಅಂಗುಲಕ್ಕೆ 784 ಕಣ್ಣುಗಳ ಆ ಬಲೆಯ ದೀಪವನ್ನು 1816ರ ಜನವರಿಯಲ್ಲಿ ಹೆಬ್ಬರ್ನ್ ಗಣಿಯೊಳಗೆ ಇಳಿಸಿ ನೋಡಿದರು. ಡೇವಿ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ.

ಬೆಳಕಿಗೆಂದು ಬಂದ ದೀಪ ಬಲುಬೇಗ ಅಳತೆಯ ಸಾಧನವೂ ಆಯಿತು. ಬತ್ತಿಯನ್ನು ಇಳಿಸಿ ಜ್ವಾಲೆಯನ್ನು ಕಾಳಿನಷ್ಟು ಚಿಕ್ಕದು ಮಾಡಿ, ದೀಪವನ್ನು ಮೆಲ್ಲಗೆ ಸುರಂಗದ ಸೂರಿನತ್ತ ಎತ್ತಬೇಕು. ಮೀಥೇನ್ ಗಾಳಿಗಿಂತ ಹಗುರ, ಸೂರಿನ ಗುಳಿಗಳಲ್ಲೇ ಅದು ಕೂಡುವುದು. ಅನಿಲವಿದ್ದರೆ ಹಳದಿ ಜ್ವಾಲೆಯ ತಲೆಯ ಮೇಲೆ ತೆಳುನೀಲಿಯ ಒಂದು ಟೋಪಿ ಕೂರುತ್ತದೆ. ಶೇಕಡಾ ಒಂದರ ಹತ್ತಿರ ಅದು ಇದೆಯೋ ಇಲ್ಲವೋ ಎಂಬಷ್ಟು ಮಸುಕು. ಎರಡು, ಮೂರು ಎಂದು ಅನಿಲ ಏರಿದಂತೆ ಟೋಪಿ ಎತ್ತರವಾಗಿ ಮೊನಚಾಗುತ್ತದೆ. ಐದರ ಸುತ್ತ ಬಲೆಯ ಒಳಗೆಲ್ಲ ನೀಲಿ ತುಂಬಿಕೊಳ್ಳುತ್ತದೆ. ಮೀಥೇನ್ ಸಿಡಿಯುವುದು ಗಾಳಿಯಲ್ಲಿ ಅದು ಶೇಕಡಾ 5ರಿಂದ 15ರಷ್ಟಿದ್ದಾಗ, ಆದ್ದರಿಂದ ಆ ಮಸುಕು ನೀಲಿಯನ್ನು ಹೊತ್ತಿಗೆ ಮುಂಚೆ ಕಾಣುವ ಕಣ್ಣಿನ ಮೇಲೆ ನೂರಾರು ಜನರ ಜೀವ ನಿಂತಿತ್ತು. ಆ ಕಣ್ಣಿಗೂ ಪರೀಕ್ಷೆ ಬೇಕೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ನಮ್ಮ ದೇಶದ ಕಲ್ಲಿದ್ದಲು ಗಣಿಗಳಲ್ಲಿ ಮೈನಿಂಗ್ ಸರದಾರನಾಗಲಿ ಓವರ್‌ಮನ್ ಆಗಲಿ ಗ್ಯಾಸ್ ಟೆಸ್ಟಿಂಗ್ ಸರ್ಟಿಫಿಕೇಟ್ ಪಡೆದಿರಬೇಕೆಂಬ ನಿಯಮದ ಹಿಂದಿರುವುದು ಇದೇ ತಿಳಿವಳಿಕೆ. ಅನಿಲದ ಪ್ರಮಾಣವನ್ನು ದೀಪದಲ್ಲಿ ಓದಿ ಹೇಳಬಲ್ಲನೇ ಎಂದು ಅಭ್ಯರ್ಥಿಯನ್ನು ಅಲ್ಲಿ ಪರೀಕ್ಷಿಸುತ್ತಾರೆ. ಒರೆಗೆ ಹಚ್ಚುವುದು ಮನುಷ್ಯನ ದೃಷ್ಟಿಯನ್ನೇ.

ಆದರೆ ದೀಪ ಬಂದಮೇಲೆ ಸಾವು ಕಡಿಮೆಯಾಯಿತೇ? ಗಣಿ ಅಪಘಾತಗಳ ಬಗ್ಗೆ ವಿಚಾರಿಸಲು ಬ್ರಿಟಿಷ್ ಸಂಸತ್ತು ನೇಮಿಸಿದ 1835ರ ಸಮಿತಿಯ ಮುಂದೆ ಬಂದ ಲೆಕ್ಕ ಎದೆ ಝಲ್ಲೆನಿಸುವಂಥದು. ಡರ್ಹಾಮ್ ಮತ್ತು ನಾರ್ತಂಬರ್‌ಲ್ಯಾಂಡ್ ಜಿಲ್ಲೆಗಳಲ್ಲಿ ದೀಪಕ್ಕೆ ಮೊದಲಿನ 18 ವರ್ಷಗಳಲ್ಲಿ ಸತ್ತವರು 447, ನಂತರದ 18 ವರ್ಷಗಳಲ್ಲಿ 538. ಇದನ್ನು ಓದಿದವರು ದೀಪವೇ ಕೊಂದಿತು ಎಂದು ತೀರ್ಪು ಕೊಡುವುದುಂಟು. ಅದು ಅವಸರದ ಮಾತು. ಆ ಅವಧಿಯಲ್ಲಿ ಕಲ್ಲಿದ್ದಲ ಉತ್ಪಾದನೆ ಏರಿತ್ತು, ಕೆಲಸಗಾರರು ಹೆಚ್ಚಿದ್ದರು, ಗಣಿಗಳು ಆಳಕ್ಕೆ ಇಳಿದಿದ್ದವು. ಇಷ್ಟನ್ನು ಒಪ್ಪಿಕೊಂಡರೂ ಒಂದು ಸತ್ಯ ಉಳಿಯುತ್ತದೆ. ಅನಿಲ ತುಂಬಿದೆಯೆಂದು ಹಿಂದೆ ಕೈಬಿಟ್ಟಿದ್ದ ಸುರಂಗಗಳಿಗೆ ದೀಪದ ಧೈರ್ಯದ ಮೇಲೆಯೇ ಜನರನ್ನು ಮತ್ತೆ ಇಳಿಸಿದರು. ದೀಪದ ಬಲೆ ತುಕ್ಕು ಹಿಡಿದಿದೆಯೇ, ಎಲ್ಲಿಯಾದರೂ ಒಂದು ಕಣ್ಣು ಹರಿದಿದೆಯೇ ಎಂದು ಇಳಿಯುವ ಮೊದಲು ನೋಡುವ ವ್ಯವಸ್ಥೆ ಆಗಿನ್ನೂ ಎಲ್ಲ ಕಡೆ ನೆಲೆಗೊಂಡಿರಲಿಲ್ಲ. ದೀಪಗಳಿಗೆ ನಂಬರು ಹಾಕಿ, ಬೀಗ ಜಡಿದು, ಒಂದೊಂದನ್ನೂ ನೋಡಿ ಕೈಗೆ ಕೊಡುವ ಲ್ಯಾಂಪ್ ರೂಮು ಗಣಿಯ ಬಾಯಿಯ ಕಾಯಂ ಕಟ್ಟಡವಾದದ್ದು ನಿಧಾನವಾಗಿ.

ಡೇವಿ ದೀಪದ ಇನ್ನೊಂದು ಪಾಠ ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ಕೀಲಿ. ಅದು ಪಾಸಾದದ್ದು ನಿಂತ ಗಾಳಿಯಲ್ಲಿ ಮಾಡಿದ ಪರೀಕ್ಷೆಯಲ್ಲಿ. ಗಾಳಿ ರಭಸದಿಂದ ಬೀಸಿದರೆ ಜ್ವಾಲೆ ಬಲೆಗೆ ತಾಗಿ, ಬಲೆ ಕೆಂಪಗೆ ಕಾದು, ಬೆಂಕಿ ಹೊರಗೆ ದಾಟಬಹುದು. ಹತ್ತೊಂಬತ್ತನೇ ಶತಮಾನ ಮುಂದುವರಿದಂತೆ ಗಣಿಗಳ ಸುರಕ್ಷತೆಗೆಂದೇ ದೊಡ್ಡ ದೊಡ್ಡ ಫ್ಯಾನುಗಳನ್ನು ಕೂರಿಸಿದರು, ಸುರಂಗಗಳಲ್ಲಿ ಗಾಳಿಯ ವೇಗ ಹೆಚ್ಚಿತು. ದೀಪ ಹಿಂದಿನದೇ, ಅದರ ಬಲೆಯ ಕಣ್ಣೂ ಅಷ್ಟೇ. ಅದನ್ನು ಯಾವ ಸ್ಥಿತಿಯಲ್ಲಿ ಪರೀಕ್ಷಿಸಿದ್ದರೋ ಆ ಸ್ಥಿತಿ ಮಾತ್ರ ಉಳಿದಿರಲಿಲ್ಲ. ಒಂದು ಕೆಡುಕನ್ನು ತಡೆಯಲು ತಂದ ಸುಧಾರಣೆ ಇನ್ನೊಂದು ಕಡೆ ಭದ್ರವಾಗಿದ್ದ ಸಾಧನವನ್ನು ಅಪಾಯದ ವಸ್ತುವಾಗಿಸಿತು. 1886ರಲ್ಲಿ ರಾಯಲ್ ಕಮಿಷನ್ ನಾನಾ ಬಗೆಯ ದೀಪಗಳನ್ನು ಬೀಸುವ ಅನಿಲಗಾಳಿಯಲ್ಲಿ ಇಟ್ಟು ಪರೀಕ್ಷಿಸಿದ ವರದಿ ಕೊಟ್ಟಿತು. ಮರುವರ್ಷದ ಕಾಯಿದೆ ಹೊರಕವಚವಿಲ್ಲದ ಬರಿಯ ಡೇವಿ ದೀಪವನ್ನು ಗಣಿಯಿಂದ ಹೊರಗಿಟ್ಟಿತು. ಡೇವಿ ದೀಪ ಹುಟ್ಟಿ ಆಗ ಎಪ್ಪತ್ತು ವರ್ಷ ದಾಟಿತ್ತು. ಒಮ್ಮೆ ಪರೀಕ್ಷೆ ಗೆದ್ದದ್ದು ಸದಾ ಗೆಲ್ಲುತ್ತದೆ ಎಂಬ ನಂಬಿಕೆಗೆ ತೆತ್ತ ಬೆಲೆಯದು.

ಗೊತ್ತಿರುವ ಗಾಳಿಯಲ್ಲಿ ಸಾಧನವನ್ನು ಇಟ್ಟು ನೋಡುವ ಕ್ರಮ ಗಟ್ಟಿಯಾದದ್ದು ಆ ಶತಮಾನದ ಕೊನೆಯಲ್ಲಿ. ನಾಟಿಂಗ್‌ಹ್ಯಾಮಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಫ್ರಾಂಕ್ ಕ್ಲೋಸ್ ಹೈಡ್ರೋಜನ್ ಜ್ವಾಲೆಯ ಪರೀಕ್ಷಾದೀಪವನ್ನು ರೂಪಿಸಿದ. ಸಾಮಾನ್ಯ ದೀಪದಲ್ಲಿ ಕಾಣದಷ್ಟು ಕಡಿಮೆ ಅನಿಲಕ್ಕೂ ಹೈಡ್ರೋಜನ್ ಜ್ವಾಲೆ ಟೋಪಿ ತೋರುತ್ತಿತ್ತು. ಅವನ ನಿಜವಾದ ಕೊಡುಗೆ ಬೇರೆ. ಗಾಳಿ ಆಡದ ಪೆಟ್ಟಿಗೆಯೊಂದನ್ನು ಮಾಡಿ, ಅದರೊಳಗೆ ಅಳೆದು ಅನಿಲ ಬಿಟ್ಟು, ಚೆನ್ನಾಗಿ ಬೆರೆಸಿ, ದೀಪವನ್ನಿಟ್ಟು, ಯಾವ ಪ್ರಮಾಣಕ್ಕೆ ಎಷ್ಟೆತ್ತರದ ಟೋಪಿ ಎಂದು ಒಂದೊಂದಾಗಿ ಗುರುತು ಹಾಕಿದ. 1896ರಲ್ಲಿ ಅವನ ಪುಸ್ತಕ ಅಚ್ಚಾಗುವ ಹೊತ್ತಿಗೆ ಗಣಿಯವರ ಅನುಭವದ ಮಾತಿನಲ್ಲಿದ್ದ 'ಸ್ವಲ್ಪ ಅನಿಲ', 'ಜಾಸ್ತಿ ಅನಿಲ'ಗಳು ಅಂಕಿಗಳಾಗಿ ಮಾರ್ಪಟ್ಟಿದ್ದವು. ಅದಕ್ಕೂ ಮುಂಚೆ, 1880ರ ಸುಮಾರಿಗೆ, ಲಿವಿಂಗ್ ಎಂಬ ಇಂಜಿನಿಯರ್ ಎರಡು ಪ್ಲಾಟಿನಂ ಸುರುಳಿಗಳ ಉಪಕರಣ ಮಾಡಿದ್ದ. ಕೈಯಲ್ಲಿ ತಿರುಗಿಸುವ ಮ್ಯಾಗ್ನೆಟೊದಿಂದ ಎರಡಕ್ಕೂ ವಿದ್ಯುತ್ ಹರಿಸಿದರೆ ಎರಡೂ ಕೆಂಪಗೆ ಹೊಳೆಯುತ್ತಿದ್ದವು. ಒಂದು ಸುರುಳಿ ಶುದ್ಧ ಗಾಳಿಯ ಮುಚ್ಚಿದ ಗಾಜಿನೊಳಗೆ, ಇನ್ನೊಂದು ಗಣಿಯ ಗಾಳಿಗೆ ತೆರೆದುಕೊಂಡು. ಅನಿಲವಿದ್ದರೆ ತೆರೆದ ಸುರುಳಿಯ ಮೇಲೆ ಅದು ಉರಿದು ಹೊಳಪು ಹೆಚ್ಚುತ್ತಿತ್ತು, ಎರಡರ ವ್ಯತ್ಯಾಸವೇ ಅಳತೆ. ಹೋಲಿಸಿ ನೋಡಲು ಶುದ್ಧ ಗಾಳಿಯ ಒಂದು ಗುಟುಕನ್ನು ಸಾಧನದೊಳಗೇ ಬಚ್ಚಿಟ್ಟ ಆ ಯೋಚನೆ ಎಷ್ಟು ಸೊಗಸಾದುದೋ ಅಷ್ಟೇ ದೂರಗಾಮಿ. ಇಂದಿನ ಡಿಟೆಕ್ಟರುಗಳಲ್ಲಿ ಉರಿಯುವ ಅನಿಲ ಹಿಡಿಯುವ ಜೋಡಿಮಣಿಗಳ ಅಜ್ಜ ಅದೇ.

ದೀಪಕ್ಕೆ ಕಾಣದ ವಿಷವನ್ನು ಹಿಡಿಯಲು ಗಣಿಗೆ ಇಳಿಸಿದ ಹಕ್ಕಿಯ ಕಥೆ ಬರುವುದು ಇಲ್ಲಿ. 1896ರ ಜನವರಿಯಲ್ಲಿ ವೇಲ್ಸಿನ ಟೈಲರ್ಸ್‌ಟೌನ್ ಗಣಿಯ ಸ್ಫೋಟದಲ್ಲಿ 57 ಮಂದಿ ಸತ್ತಾಗ, ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಶವಗಳನ್ನು ಪರೀಕ್ಷಿಸಿ, ಹೆಚ್ಚಿನವರನ್ನು ಕೊಂದದ್ದು ಸ್ಫೋಟದ ಹೊಡೆತವಲ್ಲ, ಅದರ ನಂತರ ಉಳಿದ ಕಾರ್ಬನ್ ಮಾನಾಕ್ಸೈಡ್ ಎಂದು ತೋರಿಸಿದ. ಬಣ್ಣವಿಲ್ಲ, ವಾಸನೆಯಿಲ್ಲ, ದೀಪವನ್ನೂ ನಂದಿಸದು. ಅದಕ್ಕೂ ಹಿಂದಿನ ವರ್ಷ ಹಾಲ್ಡೇನ್ ಆ ಅನಿಲವನ್ನು ತಾನೇ ಉಸಿರಾಡಿ, ತನ್ನ ರಕ್ತದಲ್ಲಿ ಅದೆಷ್ಟು ಸೇರಿತೆಂದು ಅಳೆದಿದ್ದ. ಇಲಿಯೋ ಸಣ್ಣ ಹಕ್ಕಿಯೋ ಮನುಷ್ಯನಿಗಿಂತ ಬಹಳ ಬೇಗ ಉಸಿರಾಡುವುದರಿಂದ ವಿಷ ಅದನ್ನು ನಮಗಿಂತ ಹಲವು ನಿಮಿಷ ಮೊದಲೇ ಬೀಳಿಸುತ್ತದೆ ಎಂಬುದು ಅವನ ಸಲಹೆಯ ತಿರುಳು. ಕ್ಯಾನರಿ ಹಕ್ಕಿ ಕೊಂಬೆಯ ಮೇಲೆ ತೂಗಾಡಿ ಕೆಳಗೆ ಬೀಳುವುದನ್ನು ಮಬ್ಬು ಬೆಳಕಿನಲ್ಲೂ ಕಾಣಬಹುದಾದ್ದರಿಂದ ಇಲಿಗಿಂತ ಅದೇ ಮೇಲೆನಿಸಿತು. 1911ರಿಂದ ಬ್ರಿಟನ್ನಿನ ಗಣಿಗಳಲ್ಲಿ ಎರಡೆರಡು ಹಕ್ಕಿ ಸಾಕುವುದು ನಿಯಮವಾಯಿತು. ಎರಡು ಎಂಬ ಸಂಖ್ಯೆಯಲ್ಲಿ ಅಳತೆಯ ವಿವೇಕ ಅಡಗಿದೆ: ಹಕ್ಕಿಯಿಂದ ಹಕ್ಕಿಗೆ ತಾಳಿಕೆ ಬೇರೆ, ಒಂದರ ಸಾಕ್ಷಿಯನ್ನು ಇನ್ನೊಂದರಿಂದ ನೋಡಿಕೊಳ್ಳಬಹುದು. ಗಣಿರಕ್ಷಕರ ಪಂಜರಕ್ಕೆ ಒಂದು ಮಗ್ಗುಲು ಮಾತ್ರ ಜಾಲರಿಯ ತೆರಪು, ಅದಕ್ಕೆ ಮುಚ್ಚುವ ಬಾಗಿಲು, ನೆತ್ತಿಯ ಮೇಲೆ ಹಿಡಿಕೆಯಂತೆ ಕೂತ ಪುಟ್ಟ ಆಮ್ಲಜನಕದ ಸಿಲಿಂಡರ್. ಹಕ್ಕಿ ಬಿದ್ದ ತಕ್ಷಣ ಬಾಗಿಲು ಮುಚ್ಚಿ ತಿರುಪು ತಿರುಗಿಸಿದರೆ ಅದು ಮತ್ತೆ ಚೇತರಿಸಿಕೊಳ್ಳುತ್ತಿತ್ತು. 1986ರ ಕೊನೆಯಲ್ಲಿ ಬ್ರಿಟನ್ ಈ ಹಕ್ಕಿಗಳನ್ನು ಬಿಟ್ಟು ಎಲೆಕ್ಟ್ರಾನಿಕ್ ಯಂತ್ರಗಳಿಗೆ ಬದಲಾಗಲು ತೀರ್ಮಾನಿಸಿದಾಗ ಇನ್ನೂ 200ಕ್ಕೂ ಹೆಚ್ಚು ಕ್ಯಾನರಿಗಳು ಸೇವೆಯಲ್ಲಿದ್ದವು. ಹಕ್ಕಿಯನ್ನು ಹಿಂಸಿಸದೆ ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಕಂದೀಲಿನಂತೆಯೇ ಅದೂ ಕಾಣುವ ಸಾಕ್ಷಿಯಾಗಿತ್ತು. ಹಾಡುತ್ತ ಕುಪ್ಪಳಿಸುತ್ತಿದ್ದರೆ ಸಾಧನ ಸರಿಯಾಗಿದೆ, ಬೇರೆ ಕಾರಣಕ್ಕೆ ಸತ್ತಿದ್ದರೂ ಜನ ಹಿಂದಿರುಗುತ್ತಿದ್ದರೇ ಹೊರತು ಮುಂದೆ ಹೋಗುತ್ತಿರಲಿಲ್ಲ.

ಕಾಣುವ ಸಾಕ್ಷಿಯಿಂದ ಮೌನದ ಯಂತ್ರಕ್ಕೆ ಹೊರಳಿದ ಘಟ್ಟ 1920ರ ದಶಕದ್ದು. ಎಣ್ಣೆ ಸಾಗಿಸುವ ಹಡಗುಗಳ ತೊಟ್ಟಿಗಳಲ್ಲಿ ಆವಿ ಸಿಡಿಯುವುದನ್ನು ತಡೆಯಲು ಕ್ಯಾಲಿಫೋರ್ನಿಯಾದ ತೈಲ ಕಂಪನಿಯೊಂದರ ಆಲಿವರ್ ಜಾನ್ಸನ್ 1926-27ರಲ್ಲಿ ಪ್ಲಾಟಿನಂ ತಂತಿಯ ಮೇಲೆ ಆವಿ ಉರಿಸಿ, ತಂತಿಯ ರೋಧದಲ್ಲಾಗುವ ಬದಲಾವಣೆಯನ್ನು ಮುಳ್ಳಿನಲ್ಲಿ ತೋರಿಸುವ ಯಂತ್ರ ಮಾಡಿದ. ಮುಂದೆ ಬ್ರಿಟನ್ನಿನ ಗಣಿಸುರಕ್ಷಾ ಸಂಶೋಧನಾಲಯದಲ್ಲಿ ಬೇಕರ್ ಎಂಬಾತ ಪ್ಲಾಟಿನಂ ಸುರುಳಿಯನ್ನು ಪಿಂಗಾಣಿಯ ಪುಟ್ಟ ಮಣಿಯೊಳಗೆ ಹುದುಗಿಸಿ, ಮೇಲೆ ಪಲ್ಲಾಡಿಯಮ್ಮಿನ ವೇಗವರ್ಧಕ ಲೇಪಿಸಿ ಪೆಲ್ಲಿಸ್ಟರ್ ಎಂಬ ಸಂವೇದಕವನ್ನು ಕೊಟ್ಟ. ಸಾಸಿವೆಗಿಂತ ತುಸು ದೊಡ್ಡ ಆ ಮಣಿಯೇ ಇಂದಿಗೂ ಲಕ್ಷಾಂತರ ಡಿಟೆಕ್ಟರುಗಳ ಹೃದಯ. ಅದಕ್ಕೊಂದು ಶಾಪವಿದೆ. ಸಿಲಿಕೋನ್ ಆವಿ ತಾಗಿದರೆ ಮಣಿಯ ಮೈ ಮೇಲೆ ಗಾಜಿನಂಥ ಪೊರೆ ಕಟ್ಟಿ ವೇಗವರ್ಧಕ ಸಾಯುತ್ತದೆ. ಸೀಸ ಬೆರೆತ ಪೆಟ್ರೋಲಿನ ಆವಿಯೂ ಹಾಗೆಯೇ, ಗಂಧಕದ ಅನಿಲಗಳು ಅದನ್ನು ಮಂಕಾಗಿಸುತ್ತವೆ. ಯಂತ್ರ ಒರೆಸಲು ಬಳಸಿದ ಪಾಲಿಶಿನಲ್ಲಿ ಸಿಲಿಕೋನ್ ಇದ್ದರೂ ಸಾಕು. ಸತ್ತ ಮಣಿಗೆ ಅನಿಲ ಉರಿಸಲು ಬಾರದು, ಉರಿಯದಿದ್ದರೆ ಶಾಖವಿಲ್ಲ, ಶಾಖವಿಲ್ಲದಿದ್ದರೆ ಪರದೆಯ ಮೇಲೆ ಸೊನ್ನೆ. ಉರಿಯುವ ಅನಿಲ ವಿಪರೀತ ತುಂಬಿ ಆಮ್ಲಜನಕವೇ ಇಲ್ಲದ ಕಡೆಯಲ್ಲೂ ಮುಳ್ಳು ಒಮ್ಮೆ ಹಾರಿ ಮತ್ತೆ ಸೊನ್ನೆಗೆ ಇಳಿಯಬಹುದು. ಹೈಡ್ರೋಜನ್ ಸಲ್ಫೈಡಿನ ಸಂವೇದಕ ಒಣಗಿದರೂ ಸೊನ್ನೆಯೇ. ನಾಲ್ಕರಲ್ಲಿ ಆಮ್ಲಜನಕದ ಸಂವೇದಕ ಮಾತ್ರ ಕಂದೀಲಿನ ವಂಶದ್ದು. ಅದರೊಳಗಿನ ಸೀಸ ಸವೆದು ಮುಗಿದರೆ ಅಂಕಿ 20.9ರಿಂದ ಕೆಳಗೆ ಜಾರಿ ಯಂತ್ರ ಕೂಗಿಕೊಳ್ಳುತ್ತದೆ. ಮೇಲಾಗಿ ಬಯಲಿನ ಗಾಳಿಯೇ ಅದಕ್ಕೆ ಒರೆಗಲ್ಲು. ಉಳಿದ ಮೂರಕ್ಕೆ ಪ್ರಕೃತಿ ಅಂಥ ಒರೆಗಲ್ಲನ್ನು ಕೊಟ್ಟಿಲ್ಲ, ಸಿಲಿಂಡರಿನಲ್ಲಿ ತುಂಬಿ ತರಬೇಕು.

ಆ ಪರೀಕ್ಷೆ ಹೇಗಿರುತ್ತದೆಂದು ಹತ್ತಿರದಿಂದ ನೋಡಿದರೆ ಅದರ ಸರಳತೆಯೇ ಎದ್ದು ಕಾಣುತ್ತದೆ. ವಾಹನಗಳ ಹೊಗೆಯಿಲ್ಲದ ಬಯಲಿನಲ್ಲಿ ಯಂತ್ರವನ್ನು ಚಾಲೂ ಮಾಡಿ, ಮೂರು ಅಂಕಿಗಳು ಸೊನ್ನೆಗೂ ಆಮ್ಲಜನಕ 20.9ಕ್ಕೂ ನಿಲ್ಲುವಂತೆ ಮಾಡಬೇಕು. ಸಂವೇದಕಗಳ ಕಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಕೂರಿಸಿ, ಅದರ ಕೊಳವೆಯನ್ನು ಸಿಲಿಂಡರಿನ ರೆಗ್ಯುಲೇಟರಿಗೆ ಸಿಕ್ಕಿಸಬೇಕು. ನಾಲ್ಕು ಅನಿಲದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಮೀಥೇನ್ ಶೇಕಡಾ 2.5, ಆಮ್ಲಜನಕ 18, ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷದಲ್ಲಿ 100 ಭಾಗ, ಹೈಡ್ರೋಜನ್ ಸಲ್ಫೈಡ್ 25 ಭಾಗ ಇರುತ್ತದೆ. ತಿರುಪು ತಿರುಗಿಸಿದರೆ ನಿಮಿಷಕ್ಕೆ ಅರ್ಧ ಲೀಟರಿನಂತೆ ಅನಿಲ ಹರಿಯುತ್ತದೆ. ಆಮ್ಲಜನಕದ ಅಂಕಿ ಮೆಟ್ಟಿಲಿಳಿದಂತೆ ಇಳಿಯುತ್ತ ಬರುವಾಗ ಉಳಿದವು ಏರುತ್ತವೆ, ಕೆಂಪು ದೀಪ ಮಿನುಗಿ, ಸೈರನ್ ಕೂಗಿ, ಯಂತ್ರ ಅಂಗೈಯಲ್ಲೇ ನಡುಗುತ್ತದೆ. ಬರಿ ಇಷ್ಟನ್ನು ನೋಡಿಕೊಂಡರೆ ಅದು ಬಂಪ್ ಟೆಸ್ಟ್. ಅಂಕಿಗಳು ಸಿಲಿಂಡರಿನ ಮೇಲೆ ಬರೆದದ್ದಕ್ಕೆ ಹೊಂದದಿದ್ದರೆ ಹೊಂದಿಸುವುದು ಕ್ಯಾಲಿಬ್ರೇಷನ್. ಹಾಗಾದರೆ ಸಿಲಿಂಡರಿನ ಮೇಲಿನ ಬರಹವನ್ನು ನಂಬುವುದು ಹೇಗೆ? ಅದನ್ನು ಇನ್ನೂ ಮೇಲಿನ ದರ್ಜೆಯ ಮಿಶ್ರಣಕ್ಕೆ ಹೋಲಿಸಿರುತ್ತಾರೆ. ಆ ಸರಪಳಿಯ ತುದಿಯಲ್ಲಿರುವುದು ರಾಷ್ಟ್ರೀಯ ಪ್ರಯೋಗಾಲಯಗಳು, ನಮ್ಮಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿ ಒಂದೊಂದು ಅನಿಲ ತುಂಬಿದಾಗಲೂ ಸಿಲಿಂಡರನ್ನು ತೂಗಿ ಪ್ರಮಾಣ ಕಟ್ಟುತ್ತಾರೆ. ಕೊನೆಗೆ ಎಲ್ಲವೂ ಬಂದು ನಿಲ್ಲುವುದು ತಕ್ಕಡಿಯ ಮುಂದೆಯೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಇಂದಿನ ಯಂತ್ರಗಳು ಚಾಲೂ ಆಗುವಾಗ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವಲ್ಲ, ದಿನದಿನವೂ ಅನಿಲ ಹಾಯಿಸಬೇಕೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಯಂತ್ರ ಪರೀಕ್ಷಿಸಿಕೊಳ್ಳುವುದು ತನ್ನ ಬ್ಯಾಟರಿಯನ್ನು, ತಂತಿಗಳನ್ನು, ಸರ್ಕ್ಯೂಟನ್ನು. ಸಂವೇದಕದ ಕಣ್ಣಿನ ಮೇಲೆ ಕೆಸರು ಮೆತ್ತಿದ್ದರೆ, ಫಿಲ್ಟರು ನೆನೆದು ಮುಚ್ಚಿಹೋಗಿದ್ದರೆ ಒಳಗಿನ ವಿದ್ಯುತ್ತಿಗೆ ಅದು ತಿಳಿಯದು. ಅನಿಲ ಹೊರಗಿನಿಂದ ಒಳಗೆ ತಲುಪುತ್ತದೆ ಎಂಬುದಕ್ಕೆ ಅನಿಲವೇ ಸಾಕ್ಷಿ ಹೇಳಬೇಕು. ಮಣಿಯ ಬದಲು ಅವಗೆಂಪು ಕಿರಣದ ಸಂವೇದಕ ಹಾಕಿದರೆ ಸಿಲಿಕೋನಿನ ಕಾಟವಿಲ್ಲ ಎಂಬುದು ನಿಜ, ಆದರೆ ಅದಕ್ಕೆ ಹೈಡ್ರೋಜನ್ ಕಾಣುವುದೇ ಇಲ್ಲ. ಖರ್ಚಿನ ಮಾತೂ ಬರುತ್ತದೆ. 34 ಲೀಟರಿನ ಒಂದು ಸಿಲಿಂಡರಿನಲ್ಲಿ ಅರ್ಧ ಅರ್ಧ ನಿಮಿಷದ ಪರೀಕ್ಷೆ ನೂರಕ್ಕೂ ಹೆಚ್ಚು ಸಲ ಮಾಡಬಹುದು. ಹೈಡ್ರೋಜನ್ ಸಲ್ಫೈಡ್ ಸಿಲಿಂಡರಿನ ಗೋಡೆಯೊಡನೆ ಬೆರೆತು ಕ್ಷೀಣಿಸುವುದರಿಂದ ಅದಕ್ಕೆ ಅವಧಿಯ ತಾರೀಖು ಇರುತ್ತದೆ, ಬಳಸದೆ ಇಟ್ಟರೂ ಹಾಳಾಗುತ್ತದೆ. ಉಳಿತಾಯವೆಂದು ಕಪಾಟಿನಲ್ಲಿಟ್ಟ ಸಿಲಿಂಡರ್ ಯಾರಿಗೂ ಉಳಿತಾಯವಲ್ಲ.

ಈ ಚರಿತ್ರೆಗೆ ಕನ್ನಡ ನೆಲದ ನಂಟು ಹಗೇವಿಗೇ ಮುಗಿಯುವುದಿಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ, ಆದರೆ ಭಾರತದ ಗಣಿಸುರಕ್ಷಾ ಕಾನೂನು ಹುಟ್ಟಲು ಒತ್ತಾಸೆಯಾದ ಎರಡು ದುರಂತಗಳಲ್ಲಿ ಒಂದು ಕೋಲಾರದ ಚಿನ್ನದ ಗಣಿಯದು. 1897ರಲ್ಲಿ ಅಲ್ಲಿ 52 ಮಂದಿ ಸತ್ತರು, ಅದೇ ವರ್ಷ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ. 1901ರಲ್ಲಿ ಗಣಿ ಕಾಯಿದೆ ಬಂತು, ಮರುವರ್ಷ ಗಣಿ ತನಿಖೆಯ ಕಚೇರಿ ಕಲ್ಕತ್ತಾದಲ್ಲಿ ತೆರೆಯಿತು, 1908ರಲ್ಲಿ ಅದು ಧನಬಾದಿಗೆ ಹೋಯಿತು. ಕಾನೂನು ಬಂದಮೇಲೂ 1936ರಲ್ಲಿ ಪೋಯಿದಿಯಲ್ಲಿ 209, 1965ರಲ್ಲಿ ಧೋರಿಯಲ್ಲಿ 268 ಜನ ಸ್ಫೋಟಕ್ಕೆ ಬಲಿಯಾದರು. 1957ರ ಕಲ್ಲಿದ್ದಲು ಗಣಿ ನಿಯಮಾವಳಿ ಗಣಿಯ ಯಾವ ಭಾಗದಲ್ಲೂ ಉರಿಯುವ ಅನಿಲ ಶೇಕಡಾ 1.25ನ್ನು ಮೀರಕೂಡದೆಂದು ಗೆರೆ ಎಳೆದಿತ್ತು. ಅಷ್ಟು ಕಿರಿದಾದ ಗೆರೆಗೆ ಅರ್ಥ ಬರುವುದು ಅದನ್ನು ಓದುವ ದೀಪವೂ ಕಣ್ಣೂ ಯಂತ್ರವೂ ಒರೆ ಕಂಡಿದ್ದರೆ ಮಾತ್ರ.

ಕೋಲಾರದ ಅದೇ ಗಣಿಪೇಟೆಯಿಂದ ಇನ್ನೊಂದು ಕಾನೂನಿನ ದಾರಿಯೂ ಹೊರಟಿದೆ. ಕೆಜಿಎಫ್‌ನಲ್ಲಿ 1966ರಲ್ಲಿ, ಮಲ ಬಾಚುವ ಕೆಲಸಕ್ಕೆ ದೂಡಲ್ಪಟ್ಟ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಅಲ್ಲಿನ ಒಣ ಕಕ್ಕಸುಗಳ ವಿರುದ್ಧ ದನಿಯೆತ್ತಿ, ಮುಂದೆ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದವರಲ್ಲಿ ಒಬ್ಬರು. ಆ ಹೋರಾಟದ ಹಿನ್ನೆಲೆಯಲ್ಲಿಯೇ 2013ರ ಮಲಹೊರುವ ಪದ್ಧತಿ ನಿಷೇಧ ಕಾಯಿದೆ ಬಂದದ್ದು. ಆಂದೋಲನದ ಅರ್ಜಿಯ ಮೇಲೆ 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು, 2023ರಲ್ಲಿ ಆ ಮೊತ್ತ 30 ಲಕ್ಷವಾಯಿತು. ಕಾಯಿದೆಯ ನಿಯಮಗಳಲ್ಲಿರುವ ರಕ್ಷಣಾ ಸಾಮಗ್ರಿಯ ಉದ್ದನೆಯ ಪಟ್ಟಿಯಲ್ಲಿ ನಾಲ್ಕು ಅನಿಲದ ಮಾನಿಟರ್ ಕೂಡ ಇದೆ. ಮ್ಯಾನ್‌ಹೋಲಿನಲ್ಲಿ, ಶೌಚದ ಗುಂಡಿಯಲ್ಲಿ ಕೊಲ್ಲುವ ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ನಾತ. ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಮೂಗು ಅದನ್ನು ಹಿಡಿಯುತ್ತದೆ. 100 ಭಾಗದ ಹತ್ತಿರ ಬಂದಾಗ ಅದೇ ಅನಿಲ ಮೂಗಿನ ನರಗಳನ್ನು ಮರಗಟ್ಟಿಸಿ ವಾಸನೆಯನ್ನೇ ಅಳಿಸಿಬಿಡುತ್ತದೆ. ನಾತ ಹೋಯಿತು, ಗಾಳಿ ತಿಳಿಯಾಯಿತು ಎಂದು ಒಳಗಿರುವವನು ಅಂದುಕೊಳ್ಳುವ ಗಳಿಗೆಯೇ ಅವನಿಗೆ ಅತ್ಯಂತ ಅಪಾಯದ್ದು. ಸುಳ್ಳು ಸೊನ್ನೆ ತೋರಿಸುವ ಮೊದಲ ಸಂವೇದಕ ನಮ್ಮ ಮೂಗೇ. ಒಬ್ಬ ಬಿದ್ದಾಗ ಎತ್ತಲು ಇಳಿದ ಎರಡನೆಯವನು, ಅವನ ಹಿಂದೆ ಮೂರನೆಯವನು ಸಾಯುವುದಕ್ಕೆ ಒಂದು ಕಾರಣ ಈ ಮೂಗಿನ ಮೇಲಿನ ನಂಬಿಕೆ.

ಇಲ್ಲಿ ಎತ್ತಬಹುದಾದ ಅತ್ಯಂತ ಗಟ್ಟಿ ಆಕ್ಷೇಪ ಬೇರೆ. ಮನುಷ್ಯನನ್ನು ಗುಂಡಿಗೆ ಇಳಿಸುವುದೇ ತಪ್ಪಾಗಿರುವಾಗ ಅವನ ಅಂಗಿಗೆ ಸಿಕ್ಕಿಸುವ ಯಂತ್ರದ ಅಳತೆ ಕುರಿತು ಇಷ್ಟು ಮಾತೇಕೆ, ಅದು ಇಳಿಸುವವರಿಗೆ ನೆಪವಾಗುವುದಿಲ್ಲವೇ? ಈ ಮಾತಿನಲ್ಲಿ ಹುರುಳಿದೆ. ಡೇವಿ ದೀಪದ ನಂತರದ 18 ವರ್ಷಗಳು ಹೇಳುವುದೂ ಅದನ್ನೇ. ಸಾಧನ ಕೈಗೆ ಬಂದೊಡನೆ, ಬಿಟ್ಟಿದ್ದ ಸುರಂಗಕ್ಕೆ ಮತ್ತೆ ಜನ ಇಳಿದರು. ಒಳಚರಂಡಿಗೆ ಯಂತ್ರವೇ ಇಳಿಯಬೇಕು, ಮನುಷ್ಯ ಮೇಲೆಯೇ ಇರಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಸಕ್ಕಿಂಗ್ ಯಂತ್ರದ ಪೈಪು ಹಿಡಿದು ಗುಂಡಿಯ ಬಾಯಲ್ಲಿ ನಿಂತವನ ಮುಖಕ್ಕೂ ಅನಿಲ ಬಡಿಯುತ್ತದೆ. ಕಾರ್ಖಾನೆಯ ತೊಟ್ಟಿ, ಸಕ್ಕರೆ ಕಾರ್ಖಾನೆಯ ಎಫ್ಲುಯೆಂಟ್ ಗುಂಡಿ, ಬಯೋಗ್ಯಾಸ್ ಸ್ಥಾವರ, ಹಡಗಿನ ಉಗ್ರಾಣ, ಇವುಗಳ ಬಳಿ ಕೆಲಸ ನಡೆಯುವವರೆಗೂ ಗಾಳಿಯನ್ನು ಅಳೆಯಲೇಬೇಕು. ಒರೆಗೆ ಹಚ್ಚದ ಯಂತ್ರ ನೆಪವಾಗುವುದು ಸುಲಭ, ಏಕೆಂದರೆ ಅದು ಯಾವಾಗಲೂ ಸೊನ್ನೆ ತೋರಿಸಿ ಒಪ್ಪಿಗೆ ಕೊಡುತ್ತದೆ. ಒರೆಗೆ ಹಚ್ಚಿದ ಯಂತ್ರ ಬೇಡ ಎನ್ನುವುದನ್ನು ಬಲ್ಲದು, ಇಳಿಯಲಾರೆ ಎನ್ನುವ ಕಾರ್ಮಿಕನ ಕೈಯಲ್ಲಿ ಅದು ಪುರಾವೆಯಾಗುತ್ತದೆ. ಹಾಗಾಗಿ ಡಿಟೆಕ್ಟರ್ ಕೊಳ್ಳುವ ಟೆಂಡರಿನಲ್ಲಿ ಅದರ ಪರೀಕ್ಷಾ ಸಿಲಿಂಡರ್, ಮುಚ್ಚಳ, ಕೊಳವೆಗಳನ್ನೂ ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಕಳಿಸಬೇಕು. ಆ ಪೆಟ್ಟಿಗೆ ಉಗ್ರಾಣದಲ್ಲಿ ಕೂರದೆ ಗಾಡಿಯಲ್ಲಿ ಗುಂಡಿಯವರೆಗೂ ಹೋಗಬೇಕು. ಪರೀಕ್ಷೆ ನಡೆಯಬೇಕಾದದ್ದು ಮುಚ್ಚಳ ಎತ್ತುವ ಮೊದಲು, ಕೆಲಸ ಮಾಡುವವನ ಕಣ್ಣೆದುರಿಗೆ, ಆ ಸೈರನ್ ಅವನ ಕಿವಿಗೆ ಬೀಳುವ ಹಾಗೆ. ಕ್ಯಾನರಿಯ ಪಂಜರದಲ್ಲಿ ಹಕ್ಕಿ ಮತ್ತು ಅದರ ಉಸಿರಿನ ಸಿಲಿಂಡರ್ ಒಂದೇ ಹಿಡಿಕೆಗೆ ಸೇರಿ ಗಣಿಗೆ ಇಳಿಯುತ್ತಿದ್ದವು.